‘ನಮ್ಮಾವೇನು?’ ಎಂದು ಕೇಳುವವರ ಪರವಾಗಿ

ಲೋಕಸಭೆ ಚುನಾವಣೆ ಬಂದಾಗಲೆಲ್ಲ ಒಂದು ಉಪದೇಶ ತಪ್ಪದೆ ಬರುತ್ತದೆ. ಇದು ದೇಶದ ಚುನಾವಣೆ, ಅಭ್ಯರ್ಥಿ ಯಾವ ಊರಿನವನು, ಯಾರ ಮಗ, ಯಾರ ಬೀಗ ಎಂದೆಲ್ಲ ನೋಡಬೇಡಿ, ದಿಲ್ಲಿಯಲ್ಲಿ ಯಾರು ಕೂರಬೇಕು ಅನ್ನುವುದಷ್ಟನ್ನೇ ನೋಡಿ ಎಂದು. ಟಿ.ವಿ. ಚರ್ಚೆಯಲ್ಲಿ, ಅಂಕಣಗಳಲ್ಲಿ, ಕಾಲೇಜಿನ ಮತದಾರರ ಜಾಗೃತಿ ಕಾರ್ಯಕ್ರಮಗಳಲ್ಲಿ ಇದೇ ಮಾತು. ಹೇಳುವವರು ಓದಿದವರು, ಬಹಳಷ್ಟು ಮಂದಿ ಸಜ್ಜನರು. ಅವರ ಲೆಕ್ಕದಲ್ಲಿ ಜಕ್ಕಲಿಯಂಥ ಊರಿನ ಮತದಾರ ಇನ್ನೂ ಗ್ರಾಮ ಪಂಚಾಯಿತಿಯ ಗುಂಗಿನಲ್ಲೇ ಇದ್ದಾನೆ. ‘ಕ್ಯಾಂಡಿಡೇಟ್ ಯಾರ್ರೀ, ನಮ್ಮಾವೇನು?’ ಎಂದು ಅವನು ಕೇಳಿದರೆ ಇವರಿಗೆ ಪ್ರಜಾಪ್ರಭುತ್ವಕ್ಕೇ ಕುಂದು ಬಂದಂತೆ ಕಾಣುತ್ತದೆ.

ನನಗೆ ಹಾಗೆ ಕಾಣುವುದಿಲ್ಲ. ಅಭ್ಯರ್ಥಿಯ ಜೊತೆ ಏನಾದರೊಂದು ನಂಟು ಹುಡುಕುವ ಮತದಾರ ದೇಶವನ್ನು ಮರೆತವನಲ್ಲ. ದಿಲ್ಲಿಗೆ ಹೋದವನನ್ನು ನಾಳೆ ಎಲ್ಲಿ ಹಿಡಿದು ಕೇಳಬಹುದು ಎಂದು ಮುಂಚೆಯೇ ಗೊತ್ತು ಮಾಡಿಕೊಳ್ಳುವವನು. ಇದಕ್ಕೆ ಎದುರಾಗಿ ಬರುವ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಕೆಲವು ಗಟ್ಟಿ ಇವೆ, ಕೆಲವು ಬರೀ ಜೊಳ್ಳು.

ಅದಕ್ಕೂ ಮೊದಲು ಊರಿನ ನೆಲೆ ಗೊತ್ತಿರಲಿ. ಜಕ್ಕಲಿ ಗದಗ ಜಿಲ್ಲೆಯ ರೋಣ ಸೀಮೆಯ ಊರು, ನರೇಗಲ್ಲಿಗೆ ಹತ್ತಿರ. ಎರಿ ಹೊಲ, ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ, ಬಿಳಿಜೋಳ. ವಿಧಾನಸಭೆಗೆ ರೋಣ ಕ್ಷೇತ್ರ, ಲೋಕಸಭೆಗೆ ಹಾವೇರಿ. ಹಾವೇರಿ ಇಲ್ಲಿಂದ ನೂರು ಕಿಲೋಮೀಟರಿಗೂ ಮಿಗಿಲು. ಬಾಗಲಕೋಟೆ ಅದಕ್ಕಿಂತ ಹತ್ತಿರ. ಆದರೆ ಬಾಗಲಕೋಟೆಯ ಸಂಸದನನ್ನು ಆರಿಸುವವರು ಪಕ್ಕದ ನರಗುಂದ ವಿಧಾನಸಭಾ ಕ್ಷೇತ್ರದವರು, ಅವರಲ್ಲಿ ನಮ್ಮದೇ ರೋಣ ತಾಲೂಕಿನ ಹೊಳೆಆಲೂರು ಕಡೆಯವರೂ ಸೇರಿದ್ದಾರೆ. ಒಂದೇ ತಾಲೂಕು, ಇಬ್ಬರು ಸಂಸದರು.

2024ರಲ್ಲಿ ಒಂದು ತಮಾಷೆ ನಡೆಯಿತು. ಬಾಗಲಕೋಟೆಯಲ್ಲಿ ಕಾಂಗ್ರೆಸ್ಸು ವಿಜಯಪುರ ಜಿಲ್ಲೆಯ ಸಂಯುಕ್ತಾ ಪಾಟೀಲರಿಗೆ ಟಿಕೆಟ್ ಕೊಟ್ಟಿತು. ಬಿಜೆಪಿಯವರು ‘ಹೊರಗಿನವರು’ ಎಂದರು. ಬೆಳಗಾವಿಯಲ್ಲಿ ಬಿಜೆಪಿ ಹುಬ್ಬಳ್ಳಿಯ ಜಗದೀಶ ಶೆಟ್ಟರರನ್ನು ನಿಲ್ಲಿಸಿತು. ಅಲ್ಲಿ ಕಾಂಗ್ರೆಸ್ಸಿನವರ ಬಾಯಲ್ಲಿ ಅದೇ ‘ಹೊರಗಿನವರು’. ದೇಶ ನೋಡಿ, ಊರು ನೋಡಬೇಡಿ ಎಂದು ಮತದಾರನಿಗೆ ಹೇಳುವ ಪಕ್ಷಗಳೇ ಎದುರಾಳಿಯ ಊರನ್ನು ದುರ್ಬೀನು ಹಾಕಿ ನೋಡುತ್ತವೆ. ಮತದಾರ ಕೇಳಿದರೆ ಮಾತ್ರ ಅದು ಸಣ್ಣತನ.

ಮೊದಲನೆಯ ಆಕ್ಷೇಪ, ಎಲ್ಲಕ್ಕಿಂತ ಹೆಚ್ಚು ಸಲ ಕೇಳುವುದು: ‘ಇದು ಪ್ರಧಾನಿಯ ಆಯ್ಕೆ, ಅಭ್ಯರ್ಥಿ ಬರೀ ನೆಪ.’

ಮತಗಟ್ಟೆಯೊಳಗೆ ಹೋಗಿ ಯಂತ್ರದ ಮುಂದೆ ನಿಂತವನಿಗೆ ಕಾಣುವುದೇನು? ಕ್ರಮಸಂಖ್ಯೆ, ಅಭ್ಯರ್ಥಿಯ ಹೆಸರು, ಅಭ್ಯರ್ಥಿಯ ಫೋಟೋ, ಚಿಹ್ನೆ, ಪಕ್ಕದಲ್ಲಿ ನೀಲಿ ಗುಂಡಿ. ಪ್ರಧಾನಿಯಾಗಬೇಕೆನ್ನುವವರು ಆ ಕ್ಷೇತ್ರದಲ್ಲೇ ನಿಂತಿರದಿದ್ದರೆ ಅವರ ಹೆಸರೂ ಇಲ್ಲ, ಮುಖವೂ ಇಲ್ಲ. ಇದು ಯಾರೋ ಮರೆತು ಬಿಟ್ಟದ್ದಲ್ಲ. ನಮ್ಮ ಸಂವಿಧಾನದ 81ನೇ ವಿಧಿ ಲೋಕಸಭೆಯನ್ನು ಭೌಗೋಳಿಕ ಕ್ಷೇತ್ರಗಳಿಂದ ನೇರವಾಗಿ ಆರಿಸಬೇಕೆನ್ನುತ್ತದೆ. ಇಸ್ರೇಲಿನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. ಅಲ್ಲಿನ ಮತದಾರ ಪಕ್ಷದ ಪಟ್ಟಿಗೆ ಮತ ಹಾಕುತ್ತಾನೆ, ಯಾವ ಊರಿಗೂ ‘ನಮ್ಮ ಸದಸ್ಯ’ ಅಂತ ಒಬ್ಬನಿಲ್ಲ. ನಾವು ಆ ದಾರಿ ಹಿಡಿಯಲಿಲ್ಲ. ಊರಿಗೊಬ್ಬ ಹೊಣೆಗಾರ ಇರಲಿ ಎಂದು ಕ್ಷೇತ್ರ ಕೊರೆದವರು ನಾವೇ, ಈಗ ಆ ಹೊಣೆಗಾರ ಯಾರೆಂದು ಕೇಳಬೇಡ ಅನ್ನುವವರೂ ನಾವೇ. ಅಂದಮೇಲೆ ಕ್ಷೇತ್ರ ಯಾಕೆ ಬೇಕು?

ಹಳ್ಳಿಯವರಿಗೆ ಬೆಂಗಳೂರಿನ ಚುನಾವಣೆ ಯಾವುದು, ದಿಲ್ಲಿಯದು ಯಾವುದು ತಿಳಿಯದು ಅನ್ನುವುದಂತೂ ಶುದ್ಧ ಸುಳ್ಳು. 1984ರ ಡಿಸೆಂಬರಿನಲ್ಲಿ ಕರ್ನಾಟಕ 28ರಲ್ಲಿ 24 ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಮೂರು ತಿಂಗಳು ಕಳೆದು ಬಂದ ವಿಧಾನಸಭೆ ಚುನಾವಣೆಯಲ್ಲಿ ಅದೇ ಜನ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಕೊಟ್ಟರು. 2013–14, 2018–19, 2023–24, ಪ್ರತಿ ಸಲವೂ ಒಂದೇ ವರ್ಷದೊಳಗೆ ಲೆಕ್ಕ ಬೇರೆ. ನಮ್ಮ ಹಾವೇರಿಯನ್ನೇ ತೆಗೆದುಕೊಳ್ಳಿ. ಶಿರಹಟ್ಟಿ, ಗದಗ, ರೋಣ, ಹಾನಗಲ್ಲ, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು ಈ ಎಂಟರಲ್ಲಿ ಶಿರಹಟ್ಟಿ ಒಂದನ್ನು ಬಿಟ್ಟು ಏಳನ್ನು 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಗೆದ್ದಿತು. 2024ರ ಮೇ 7ರಂದು ಇದೇ ಎಂಟು ಕ್ಷೇತ್ರಗಳ ಜನ ಬಿಜೆಪಿಯ ಬಸವರಾಜ ಬೊಮ್ಮಾಯಿಯವರನ್ನು ಲೋಕಸಭೆಗೆ ಕಳಿಸಿದರು. ದಿಲ್ಲಿಯ ಪ್ರಶ್ನೆಗೆ ದಿಲ್ಲಿಯ ಉತ್ತರ ಕೊಡಲು ಬರುವ ಮತದಾರನಿಗೆ ಮತ್ತೆ ಪಾಠ ಹೇಳುವ ಅಗತ್ಯವಿಲ್ಲ.

ಇಲ್ಲಿಂದಲೇ ಎರಡನೆಯ ಆಕ್ಷೇಪ ಹುಟ್ಟುತ್ತದೆ, ಇದು ಮೊದಲನೆಯದಕ್ಕಿಂತ ಚುರುಕಾದದ್ದು. ‘ಹಾಗಾದರೆ ನಿಮ್ಮ ನಂಟು ಕೆಲಸಕ್ಕೆ ಬಾರದ್ದು ಅಂತಾಯಿತಲ್ಲ. ಹೊರಗಿನವರು ಗೆಲ್ಲುತ್ತಲೇ ಇದ್ದಾರೆ. ಶೆಟ್ಟರರು ಬೆಳಗಾವಿಯಲ್ಲಿ ಸುಮಾರು 1.78 ಲಕ್ಷ ಮತಗಳಿಂದ ಗೆದ್ದರು, ಸೋತವರು ಅಲ್ಲಿಯವರೇ ಆದ ಮೃಣಾಲ್ ಹೆಬ್ಬಾಳಕರ. ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿ. ಅದಿರಲಿ, ನಿಮ್ಮ ಗದಗ ಜಿಲ್ಲೆಯವರೇ, ಹುಲಕೋಟಿಯ ಡಿ.ಆರ್. ಪಾಟೀಲರು 2019ರಲ್ಲಿ ಹಾವೇರಿಯಲ್ಲಿ ನಿಂತರು. ಏನಾಯಿತು?’

ಆದದ್ದನ್ನು ಮುಚ್ಚಿಡುವುದು ಬೇಡ. 2009ರಲ್ಲಿ ಹಾವೇರಿಯಲ್ಲಿ ಬಿಜೆಪಿಯ, ಹಾನಗಲ್ಲಿನ ಶಿವಕುಮಾರ ಉದಾಸಿಯವರು ಕಾಂಗ್ರೆಸ್ಸಿನ ಸಲೀಂ ಅಹ್ಮದರನ್ನು 87,920 ಮತಗಳಿಂದ ಸೋಲಿಸಿದರು, 2014ರಲ್ಲಿ ಅವರನ್ನೇ 87,571ರಿಂದ. 2019ರಲ್ಲಿ ಸಹಕಾರಿ ರಂಗದಲ್ಲಿ ಪಳಗಿದ, ಗದಗ ಸೀಮೆಯ ಹಳ್ಳಿಹಳ್ಳಿ ಬಲ್ಲ ಡಿ.ಆರ್. ಪಾಟೀಲರು ಎದುರು ನಿಂತಾಗ ಅಂತರ ಕಡಿಮೆಯಾಗುವ ಬದಲು 1,40,882ಕ್ಕೆ ಏರಿತು. ಮೇಲ್ನೋಟಕ್ಕೆ ಆಕ್ಷೇಪ ಎತ್ತಿದವರೇ ಗೆದ್ದಂತೆ.

ಆದರೆ ಅದೇ ವರ್ಷ ಅಕ್ಕಪಕ್ಕ ಏನಾಯಿತು ಅನ್ನುವುದನ್ನೂ ನೋಡಬೇಕಲ್ಲ. ಧಾರವಾಡದಲ್ಲಿ ಪ್ರಲ್ಹಾದ ಜೋಶಿಯವರ ಅಂತರ 2 ಲಕ್ಷ ದಾಟಿತು. ಬಾಗಲಕೋಟೆಯಲ್ಲಿ ಪಿ.ಸಿ. ಗದ್ದಿಗೌಡರದ್ದು 1.68 ಲಕ್ಷ. ರಾಜ್ಯದ 28ರಲ್ಲಿ 25 ಬಿಜೆಪಿಯ ಪಾಲಾದ ವರ್ಷವದು. ಆ ಅಲೆಯಲ್ಲಿ ಈ ಮೂರು ನೆರೆ ಕ್ಷೇತ್ರಗಳ ಪೈಕಿ ಅಂತರ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಹಾವೇರಿಯಲ್ಲಿ. ಪಾಟೀಲರು ತಮ್ಮ ಪಕ್ಷದ ಹಿಂದಿನ ಅಭ್ಯರ್ಥಿಗಿಂತ 63 ಸಾವಿರ ಮತ ಹೆಚ್ಚೇ ಪಡೆದಿದ್ದರು. ಮತದಾರರ ಸಂಖ್ಯೆಯೂ ಬೆಳೆದಿತ್ತು, ಒಪ್ಪುತ್ತೇನೆ. ನಂಟು ಅಲೆಯನ್ನು ತಡೆಯುತ್ತದೆ ಎಂದು ನಾನು ಹೇಳುತ್ತಲೂ ಇಲ್ಲ. ಅಲೆ ಬಂದಾಗ ನಂಟು ಕೊಚ್ಚಿಕೊಂಡು ಹೋಗುತ್ತದೆ. ಅಲೆ ಇಲ್ಲದ ವರ್ಷ ಮಾತ್ರ ಅದರ ತೂಕ ಗೊತ್ತಾಗುತ್ತದೆ. 2024ರಲ್ಲಿ ಗದಗ ಜಿಲ್ಲೆಯ ಆನಂದಸ್ವಾಮಿ ಗಡ್ಡದೇವರಮಠರು ಎದುರಿದ್ದಾಗ, ಮಾಜಿ ಮುಖ್ಯಮಂತ್ರಿಯೇ ನಿಂತಿದ್ದರೂ ಅಂತರ 43,513ಕ್ಕೆ ಇಳಿಯಿತು. ಗ್ಯಾರಂಟಿ ಯೋಜನೆಗಳ ಪಾಲೂ ಇದರಲ್ಲಿ ಇರಬಹುದು; ಅಕ್ಕಪಕ್ಕದ ಅಂತರಗಳೂ ಇಳಿದಿದ್ದವು. ಆದರೂ ಲೆಕ್ಕ ಹಾಕಿ: 21,757 ಜನ ಆಚೆಯಿಂದ ಈಚೆಗೆ ಬಂದಿದ್ದರೆ ಫಲಿತಾಂಶವೇ ಬೇರೆ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದೊಂದರಲ್ಲಿ 2,700 ಚಿಲ್ಲರೆ ಮನಸ್ಸು. ಅಷ್ಟನ್ನು ಅತ್ತಿತ್ತ ಮಾಡುವ ಶಕ್ತಿ ಪರಿಚಯಕ್ಕೆ, ನೆಂಟಸ್ತನಕ್ಕೆ, ‘ನಮ್ಮ ಕಡೆಯವರು’ ಅನ್ನುವ ಮಾತಿಗೆ ಇಲ್ಲವೆಂದು ಯಾವ ಪಕ್ಷದ ಬೂತ್ ಏಜೆಂಟನೂ ಹೇಳಲಾರ.

ಬೆಳಗಾವಿಯ ಉದಾಹರಣೆಯಂತೂ ಕೊಟ್ಟವರ ಕೈಯನ್ನೇ ಸುಡುತ್ತದೆ. ಶೆಟ್ಟರರು ಬೆಳಗಾವಿಗೆ ಬರೀ ಹೊರಗಿನವರಾಗಿ ಹೋಗಲಿಲ್ಲ. ಅಲ್ಲಿ ನಾಲ್ಕು ಸಲ ಗೆದ್ದು, ಕೇಂದ್ರ ಮಂತ್ರಿಯಾಗಿದ್ದಾಗಲೇ 2020ರಲ್ಲಿ ತೀರಿಕೊಂಡ ಸುರೇಶ ಅಂಗಡಿಯವರು ಅವರ ಬೀಗರು. ಉತ್ತರ ಕರ್ನಾಟಕದಲ್ಲಿ ಬೀಗರ ಊರು ಪರಊರಲ್ಲ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅವರು ಪಕ್ಷವೇ ಇಲ್ಲದೆ 1.25 ಲಕ್ಷದ ಅಂತರದಿಂದ ಗೆದ್ದಾಗ ಬಳಸಿದ ಹೆಸರೂ ‘ಮಂಡ್ಯದ ಸೊಸೆ’ ಎಂಬುದೇ. ನಂಟಿಗೆ ಬೆಲೆ ಇಲ್ಲದಿದ್ದರೆ ಹೊರಗಿನಿಂದ ಬಂದವರು ಇಷ್ಟು ಕಷ್ಟಪಟ್ಟು ನಂಟು ಹುಡುಕುವುದು ಯಾಕೆ? 1999ರಲ್ಲಿ ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದು ಯಾಕೆ?

ಬಳ್ಳಾರಿ, ಚಿಕ್ಕಮಗಳೂರುಗಳ ಕತೆಯನ್ನು ಗೆಲುವಿನ ದಿನಕ್ಕೇ ನಿಲ್ಲಿಸಬಾರದು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಚಿಕ್ಕಮಗಳೂರಿನ ಸಂಸದರಾದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿತು. ಅದು ಅವರ ತಪ್ಪಲ್ಲ ಅನ್ನೋಣ. 1980ರಲ್ಲಿ ಅವರು ನಿಂತದ್ದು ರಾಯಬರೇಲಿ ಮತ್ತು ಮೇದಕ್‌ನಲ್ಲಿ. ಸೋನಿಯಾ ಗಾಂಧಿ ಬಳ್ಳಾರಿ, ಅಮೇಠಿ ಎರಡರಲ್ಲೂ ಗೆದ್ದು ಅಮೇಠಿ ಇಟ್ಟುಕೊಂಡರು, ಬಳ್ಳಾರಿ ಮತ್ತೆ ಉಪಚುನಾವಣೆಗೆ ಹೋಯಿತು. ದೇಶಕ್ಕೆ ಮತ ಹಾಕಿದ ಬಳ್ಳಾರಿಯವನ ಕೈಗೆ ಉಳಿದದ್ದು ಬೆರಳ ಮೇಲಿನ ಶಾಯಿ.

ಇದಕ್ಕೆ ತಿರುಗುಮುರುಗಿನ ಕತೆ 1991ರ ಬಾಗಲಕೋಟೆಯದು. ಮುಖ್ಯಮಂತ್ರಿಯಾಗಿದ್ದ, ಪ್ರಧಾನಿಯಾಗುವ ಯೋಗ್ಯತೆ ಉಂಟೆಂದು ದೇಶವೇ ಹೆಸರಿಸುತ್ತಿದ್ದ ರಾಮಕೃಷ್ಣ ಹೆಗಡೆ ಒಂದು ಕಡೆ. ಜಮಖಂಡಿ ಸೀಮೆಯ ಸಿದ್ದು ನ್ಯಾಮಗೌಡ ಇನ್ನೊಂದು ಕಡೆ. ಸರಕಾರದ ದಾರಿ ಕಾದು ಬೇಸತ್ತ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ‘ಶ್ರಮಬಿಂದು ಸಾಗರ’ ಬ್ಯಾರೇಜು ಕಟ್ಟಿದ್ದರು. ಆ ಕೆಲಸದ ಮುಂದಾಳು ನ್ಯಾಮಗೌಡರು, ಜನರ ಬಾಯಲ್ಲಿ ‘ಬ್ಯಾರೇಜ್ ಸಿದ್ದು’. ಹೆಗಡೆ ಸೋತರು. ರಾಜೀವ್ ಗಾಂಧಿ ಹತ್ಯೆಯ ನಂತರದ ಅನುಕಂಪವೂ ಆ ಫಲಿತಾಂಶದಲ್ಲಿ ಇದ್ದೇ ಇತ್ತು, ಕಾಂಗ್ರೆಸ್ಸು ಆ ಸಲ ರಾಜ್ಯದಲ್ಲಿ 23 ಸ್ಥಾನ ಗೆದ್ದಿತ್ತು. ಆದರೆ ಹೆಗಡೆಯವರಂಥ ದೊಡ್ಡ ಹೆಸರಿನ ಎದುರು ನಿಲ್ಲಿಸಲು ಕಾಂಗ್ರೆಸ್ಸಿಗೆ ಸಿಕ್ಕಿದ್ದು ದೊಡ್ಡ ಹೆಸರಲ್ಲ, ಕಣ್ಣಿಗೆ ಕಾಣುವ ನೀರು. ಸಿದ್ದು ನ್ಯಾಮಗೌಡರು ನರಸಿಂಹರಾವ್ ಸರಕಾರದಲ್ಲಿ ಮಂತ್ರಿಯೂ ಆದರು.

ಈ ಕತೆಯಲ್ಲಿ ನನಗೆ ಮುಖ್ಯವಾದದ್ದು ಅವರು ಎಲ್ಲಿ ಹುಟ್ಟಿದರು ಅನ್ನುವುದಲ್ಲ, ಜನರ ಜೊತೆ ಏನು ಮಾಡಿದರು ಅನ್ನುವುದು. ಮುಂದಿನ ಆಕ್ಷೇಪಕ್ಕೆ ಉತ್ತರ ಹೇಳುವಾಗ ಇದು ಬೇಕಾಗುತ್ತದೆ.

ಆ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ‘ಸ್ಥಳೀಯ ನಂಟು ಅನ್ನುವುದು ಜಾತಿಗೆ ಹಾಕಿದ ಮರ್ಯಾದೆಯ ಅಂಗಿ. ನಮ್ಮವನು ಎಂದರೆ ನಮ್ಮ ಊರಿನವನು ಎಂದು ಮೇಲೆ, ನಮ್ಮ ಜಾತಿಯವನು ಎಂದು ಒಳಗೆ.’

ಇದನ್ನು ಪೂರ್ತಿ ಅಲ್ಲಗಳೆಯಲು ನಾನು ಹೋಗುವುದಿಲ್ಲ. ಸಲೀಂ ಅಹ್ಮದರು ಎರಡು ಸಲ ಸೋತಾಗ ‘ಅವರು ನಮ್ಮ ಕಡೆಯವರಲ್ಲ’ ಅನ್ನುವ ಮಾತು ಓಡಾಡಿತು. ಆ ಮಾತಿನಲ್ಲಿ ಎಷ್ಟು ಪಾಲು ಊರಿನದು, ಎಷ್ಟು ಪಾಲು ಧರ್ಮದ್ದು ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದು. ಮದುವೆ, ಮಠ, ಹೊಲದ ಬದು, ಪತ್ತಿನ ಸಹಕಾರಿ ಸಂಘ, ಇವೆಲ್ಲ ಜಾತಿಯ ದಾರದಲ್ಲೇ ಹೆಣೆದುಕೊಂಡಿರುವ ಸೀಮೆ ನಮ್ಮದು. ಪರಿಚಯ ಬೆಳೆಯುವುದು ಆ ದಾರದ ಗುಂಟ.

ಆದರೂ ಜಾತಿ ಒಂದರಿಂದಲೇ ಎಲ್ಲ ತಿಳಿಯುತ್ತದೆ ಅನ್ನುವುದು ಸೋಮಾರಿತನ. 2024ರಲ್ಲಿ ಹಾವೇರಿಯಲ್ಲಿ ಎರಡು ದೊಡ್ಡ ಪಕ್ಷಗಳ ಹುರಿಯಾಳುಗಳು ಲಿಂಗಾಯತ ಸಮಾಜದವರೇ. ಇಬ್ಬರೂ ‘ನಮ್ಮವರೇ’ ಆದಾಗ ಜಾತಿ ತೀರ್ಪು ಹೇಳದೆ ಕೈ ಚೆಲ್ಲುತ್ತದೆ, ಆಗ ಮತದಾರ ಬೇರೆ ಗುರುತು ಹುಡುಕಲೇಬೇಕು. ಇನ್ನು ಶಿಗ್ಗಾಂವಿಯನ್ನು ನೋಡಿ. ಅದು ಹಾವೇರಿ ಜಿಲ್ಲೆಯದು, ಆದರೆ ಲೋಕಸಭೆಗೆ ಧಾರವಾಡ ಕ್ಷೇತ್ರಕ್ಕೆ ಸೇರಿದ್ದು. 2008ರಿಂದ ಸತತ ನಾಲ್ಕು ಸಲ ಬೊಮ್ಮಾಯಿಯವರನ್ನು ಗೆಲ್ಲಿಸಿದ ಊರು. ಅವರು ಹಾವೇರಿಗೆ ನಿಂತಾಗ ಶಿಗ್ಗಾಂವಿಯವರಿಗೆ ಅವರಿಗೆ ಮತ ಹಾಕಲು ಬರಲಿಲ್ಲ! ಅವರು ದಿಲ್ಲಿಗೆ ಹೋದ ಮೇಲೆ 2024ರ ನವೆಂಬರಿನಲ್ಲಿ ಉಪಚುನಾವಣೆ ಬಂತು, ಅವರ ಮಗ ಭರತ್ ನಿಂತರು. ಗೆದ್ದವರು ಯಾಸಿರ್ ಅಹ್ಮದ್ ಖಾನ್ ಪಠಾಣ, 13,448 ಮತಗಳಿಂದ. ಹಿಂದಿನ ವರ್ಷವಷ್ಟೇ ತಂದೆಯ ಎದುರು ಸೋತಿದ್ದವರು. ಅದು ವಿಧಾನಸಭೆಯ ಚುನಾವಣೆ, ರಾಜ್ಯದಲ್ಲಿದ್ದ ಆಡಳಿತ ಪಕ್ಷದ ಬಲವೂ ಕೂಡಿತ್ತು, ಸರಿ. ಆದರೆ ಅದೇ ಜಿಲ್ಲೆಯಲ್ಲಿ, ಮುಖ್ಯಮಂತ್ರಿಯಾಗಿದ್ದವರ ಮನೆತನದ ಎದುರು ಒಬ್ಬ ಮುಸ್ಲಿಂ ಅಭ್ಯರ್ಥಿ ಗೆದ್ದರು. ‘ಎಲ್ಲ ಜಾತಿ’ ಅನ್ನುವವರು ಈ ಫಲಿತಾಂಶವನ್ನು ಯಾವ ಖಾತೆಗೆ ಬರೆಯುತ್ತಾರೆ?

‘ನಮ್ಮವನು’ ಅನ್ನುವುದು ಹುಟ್ಟಿನ ಮಾತು ಎಂದು ತಿಳಿಯುವುದೇ ಇಲ್ಲಿಯ ಎಡವಟ್ಟು. ಜಕ್ಕಲಿಯ ಮತದಾರರ ಯಾದಿ ತೆಗೆದು ಹೆಂಗಸರ ಹೆಸರು ಓದುತ್ತಾ ಹೋಗಿ. ಬಹುಪಾಲು ಮಂದಿ ಕುಷ್ಟಗಿ ಕಡೆಯಿಂದ, ಬಾದಾಮಿ ಕಡೆಯಿಂದ, ಮುಂಡರಗಿ ಕಡೆಯಿಂದ ಸೊಸೆಯಾಗಿ ಬಂದವರು. ಹುಟ್ಟೇ ಗುರುತಾದರೆ ಊರಿನ ಅರ್ಧ ಹೊರಗಿನವರು. ಅವರನ್ನು ಯಾರೂ ಹಾಗೆ ಕರೆಯುವುದಿಲ್ಲ. ಇಲ್ಲಿ ಕಸಬರಿಗೆ ಹಿಡಿದರು, ಇಲ್ಲಿ ಕಳೆ ತೆಗೆದರು, ಇಲ್ಲಿಯ ಸುಖದುಃಖಕ್ಕೆ ನಿಂತರು. ಅಭ್ಯರ್ಥಿಗೂ ಅದೇ ಅಳತೆ. (ಗಂಡಸು ಅಭ್ಯರ್ಥಿಯನ್ನು ಹೊರಗಿನವನೆಂದು ಎರಡು ದಿನ ಆಡಿ ಮರೆತುಬಿಡುವ ಪಕ್ಷಗಳು ಹೆಣ್ಣುಮಗಳು ನಿಂತಾಗ ಆ ಮಾತನ್ನು ಮತ ಎಣಿಸುವವರೆಗೂ ಬಿಡುವುದಿಲ್ಲ. ಅದು ಬೇರೆಯೇ ಜಗಳ.)

ಇನ್ನು ಕೆಲವರು ಕಾನೂನಿನ ಪುಸ್ತಕ ಹಿಡಿದು ಬರುತ್ತಾರೆ: ದೇಶದ ಯಾವುದಾದರೂ ಲೋಕಸಭಾ ಕ್ಷೇತ್ರದಲ್ಲಿ ಮತದಾರನಾಗಿದ್ದರೆ ಸಾಕು, 1951ರ ಪ್ರಜಾಪ್ರತಿನಿಧಿ ಕಾಯ್ದೆ ಎಲ್ಲಿಯಾದರೂ ನಿಲ್ಲಲು ಬಿಡುತ್ತದೆ. ರಾಜ್ಯಸಭೆಗೆ ಇದ್ದ ವಾಸಸ್ಥಳದ ಷರತ್ತನ್ನೂ 2003ರಲ್ಲಿ ತೆಗೆದರು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಾನೂನೇ ಕೇಳದ್ದನ್ನು ನೀವು ಯಾಕೆ ಕೇಳುತ್ತೀರಿ? ಉತ್ತರ ಸಣ್ಣದು. ಕಾನೂನು ಹೇಳುವುದು ಯಾರು ನಿಲ್ಲಬಹುದು ಎಂದು. ಯಾರು ಬೇಕು ಎಂದು ಹೇಳುವವನು ಮತದಾರ. ಅಭ್ಯರ್ಥಿಗೆ ನಾಲ್ಕಕ್ಷರ ಬರಬೇಕೆಂದೂ ಕಾನೂನು ಕೇಳುವುದಿಲ್ಲ, ಹಾಗೆಂದು ನಾವು ಕೇಳಬಾರದೇ?

‘ಸಂಸದನ ಕೆಲಸ ಕಾನೂನು ಮಾಡುವುದು, ಗಟಾರ ಬಳಿಸುವುದಲ್ಲ.’ ಈ ಮಾತಿಗೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು.

ಕಾನೂನು ಮಾಡುವಾಗ ಸಂಸದನಿಗೆ ಎಷ್ಟು ಸ್ವಾತಂತ್ರ್ಯ ಉಳಿದಿದೆ? 1985ರ ಪಕ್ಷಾಂತರ ನಿಷೇಧದ ನಂತರ ವಿಪ್ ಹೊರಟಿತೆಂದರೆ ಕೈ ಎತ್ತುವುದು ಪಕ್ಷ ಹೇಳಿದ ಕಡೆಗೇ. ಎತ್ತದಿದ್ದರೆ ಸ್ಥಾನಕ್ಕೇ ಕುತ್ತು. ಅಂದರೆ ಕಾನೂನಿನ ಮಟ್ಟಿಗೆ ಪಕ್ಷಕ್ಕೆ ಹಾಕಿದ ಮತ ಪಕ್ಷಕ್ಕೆ ಮುಟ್ಟಿಯೇ ಮುಟ್ಟುತ್ತದೆ, ಮನುಷ್ಯ ಯಾರಾದರೂ ಒಂದೇ. ಮನುಷ್ಯ ಯಾರೆಂಬುದು ಲೆಕ್ಕಕ್ಕೆ ಬರುವುದು ಉಳಿದ ಕೆಲಸಗಳಲ್ಲಿ. ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ನಡೆಯುವ ದಿಶಾ ಸಭೆಯಲ್ಲಿ ಕೇಂದ್ರದ ಯೋಜನೆಗಳ ಲೆಕ್ಕ ಕೇಳುವವನು ಅವನು. ರೈಲ್ವೆಗೆ, ಹೆದ್ದಾರಿಗೆ, ಬೆಳೆವಿಮೆ ಕಂಪನಿಗೆ ಪತ್ರ ಬರೆಯುವವನು ಅವನು.

ಒಂದು ಪತ್ರ ಅಂದರೆ ಏನು ಅನ್ನುವುದು ಬೆಂಗಳೂರಿನ ಅಂಕಣಕಾರರಿಗೆ ಗೊತ್ತಿರಲಿಕ್ಕಿಲ್ಲ. ಮನೆಯಲ್ಲಿ ಯಾರಿಗೋ ಕ್ಯಾನ್ಸರ್ ಅಂತಾಗುತ್ತದೆ. ಹುಬ್ಬಳ್ಳಿಯ ಆಸ್ಪತ್ರೆಯವರು ಖರ್ಚಿನ ಅಂದಾಜು ಬರೆದುಕೊಡುತ್ತಾರೆ. ಪ್ರಧಾನಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ, ಜೊತೆಗೆ ಎಂಪಿ ಸಾಹೇಬರ ಪತ್ರ ಇರಲಿ ಎಂದು ಯಾರೋ ಹೇಳುತ್ತಾರೆ. ರೇಷನ್ ಕಾರ್ಡು, ಆಧಾರ್, ಆದಾಯ ಪತ್ರ, ಆಸ್ಪತ್ರೆಯ ಚೀಟಿ, ಎಲ್ಲದರ ಮೂರು ಮೂರು ಝೆರಾಕ್ಸು ಬಟ್ಟೆ ಅಂಗಡಿಯ ಕ್ಯಾರಿಬ್ಯಾಗಿನಲ್ಲಿ. ಅದನ್ನು ಕಂಕುಳಲ್ಲಿ ಒತ್ತಿಕೊಂಡು ನರೇಗಲ್ಲಿನ ಬಸ್ಸು, ಅಲ್ಲಿಂದ ಗದಗ, ಗದಗಿನಿಂದ ಹಾವೇರಿ. ಕಚೇರಿಯಲ್ಲಿ ಪಿ.ಎ. ಇದ್ದರೆ ಪುಣ್ಯ, ಸಾಹೇಬರು ಅಧಿವೇಶನದಲ್ಲಿ, ಸಹಿ ಮಾಡಿಟ್ಟ ಲೆಟರ್‌ಹೆಡ್ ಮುಗಿದಿದೆ ಎಂದರೆ ಮತ್ತೊಂದು ದಿನ. ಇಂಥ ಹೊತ್ತಿನಲ್ಲಿ ನರೇಗಲ್ಲಿನಲ್ಲಿ ಒಬ್ಬ ಕಾರ್ಯಕರ್ತ ಫೋನ್ ಎತ್ತಿ ‘ಅಣ್ಣಾರ, ನಮ್ಮ ಊರಾವ್ರು ಬರಾಕತ್ಯಾರ, ಸ್ವಲ್ಪ ನೋಡ್ರಿ’ ಅಂದರೆ ಕೆಲಸ ಒಂದು ದಿನದಲ್ಲಿ ಆಗುತ್ತದೆ. ಹಾಗೆ ಹೇಳಿಸಲು ಫೋನಿನ ಆ ತುದಿಯಲ್ಲಿ ಪರಿಚಯದ ಒಂದು ಎಳೆ ಬೇಕು. ಹಕ್ಕಿನಿಂದ ಆಗಬೇಕಾದ ಕೆಲಸ ಪರಿಚಯದಿಂದ ಆಗುವುದು ನಾಚಿಕೆಗೇಡು, ಒಪ್ಪಿದೆ. ಆ ನಾಚಿಕೆ ವ್ಯವಸ್ಥೆಯದು. ಕ್ಯಾರಿಬ್ಯಾಗ್ ಹಿಡಿದವನಿಗೆ ಉಪದೇಶ ಮಾಡಿದರೆ ಅದು ಹೋಗುವುದಿಲ್ಲ.

ದುಡ್ಡಿನ ಲೆಕ್ಕವೂ ಒಂದು ಇರಲಿ. ನಂಟಿನ ಆಸೆಯೆಲ್ಲ ಸಂಸದರ ನಿಧಿಯ ಆಸೆ ಎಂದು ಗೇಲಿ ಮಾಡುವವರಿದ್ದಾರೆ. ವರ್ಷಕ್ಕೆ 5 ಕೋಟಿ. ಹಾವೇರಿಯ ಸುಮಾರು 18 ಲಕ್ಷ ಮತದಾರರಿಗೆ ಹಂಚಿದರೆ ತಲೆಗೆ 28 ರೂಪಾಯಿ, ಗದಗಿನಲ್ಲಿ ಒಂದು ಪ್ಲೇಟು ಮಿರ್ಚಿ-ಭಜಿಯ ರೊಕ್ಕ. ಕೊರೊನಾ ಕಾಲದಲ್ಲಿ ಅದನ್ನೂ ನಿಲ್ಲಿಸಿದ್ದರು. ಇಷ್ಟಕ್ಕಾಗಿ ಯಾರೂ ನಂಟು ಹುಡುಕುವುದಿಲ್ಲ.

‘ಊರಿನ ಮನುಷ್ಯ ಊರಿನಷ್ಟೇ ಯೋಚಿಸುತ್ತಾನೆ’ ಅನ್ನುವ ಆಕ್ಷೇಪವನ್ನು ಬೇರೆ ಯಾವ ಊರಿನಲ್ಲಾದರೂ ಎತ್ತಬಹುದು, ಜಕ್ಕಲಿಯಲ್ಲಿ ಎತ್ತಬಾರದು. ಅಂದಾನಪ್ಪ ದೊಡ್ಡಮೇಟಿಯವರ ಊರು ಇದು. ಈ ಹಳ್ಳಿಯಿಂದ ಮುಂಬೈ ಶಾಸನಸಭೆಗೆ ಹೋದ ಮನುಷ್ಯ ಅಲ್ಲಿ ಜಕ್ಕಲಿಯ ಗಟಾರದ ಬಗ್ಗೆ ಮಾತಾಡಲಿಲ್ಲ, ಹರಿದು ಹಂಚಿಹೋದ ಕನ್ನಡ ನಾಡು ಒಂದಾಗಬೇಕೆಂದು ಮಾತಾಡಿದರು. 1953ರಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಉಪವಾಸ ಕೂತರು. ಅವರು ಬರೆಸಿದ ಕನ್ನಡ ಭುವನೇಶ್ವರಿಯ ಚಿತ್ರಪಟ ಇದೇ ಊರಿನ ಅವರ ಮನೆಯಲ್ಲಿ ಪೂಜೆಗೊಂಡಿತು. ಮುಂಬೈಯಲ್ಲಿ ಅವರ ಮಾತಿಗೆ ತೂಕ ಬಂದದ್ದು ಹಿಂದೆ ಊರು ಇದ್ದದ್ದರಿಂದ, ಜಕ್ಕಲಿ ಬಿಟ್ಟದ್ದರಿಂದಲ್ಲ. ಊರಿಗೆ ಬೇರು, ನಾಡಿಗೆ ಕೊಂಬೆ ಎಂದು ಎರಡಾಗಿ ಬಾಳಿದವರಲ್ಲ ಆ ಕಾಲದವರು.

ಪಂಡಿತರೊಬ್ಬರ ಹೆಸರನ್ನೂ ನಮ್ಮ ಮುಂದೆ ಹಿಡಿಯುತ್ತಾರೆ. ಅಮೆರಿಕದ ವಿ.ಓ. ಕೀ ಎಂಬ ರಾಜ್ಯಶಾಸ್ತ್ರಜ್ಞ 1949ರಲ್ಲಿ ಅಲ್ಲಿಯ ದಕ್ಷಿಣ ರಾಜ್ಯಗಳ ರಾಜಕಾರಣದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅಭ್ಯರ್ಥಿಯ ಸ್ವಂತ ಸೀಮೆಯಲ್ಲಿ ಮತ ಒಮ್ಮೆಲೆ ಏರುವುದನ್ನು, ದೂರ ಹೋದ ಹಾಗೆ ಇಳಿಯುವುದನ್ನು ನಕ್ಷೆ ಹಾಕಿ ತೋರಿಸಿದರು. ಪಕ್ಷಗಳ ಪೈಪೋಟಿ ಗಟ್ಟಿ ಇಲ್ಲದ ಕಡೆ ಇದು ಹೆಚ್ಚು ಎಂದೂ ಕಂಡರು. ಅದನ್ನು ತೋರಿಸಿ, ನಂಟಿನ ಮತ ಹಿಂದುಳಿದ ರಾಜಕೀಯದ ಲಕ್ಷಣ ಅನ್ನುತ್ತಾರೆ ಇಲ್ಲಿಯವರು. ಅಲ್ಲಿ ಆಗ ಒಂದೇ ಪಕ್ಷದ ಕಾರುಬಾರು. ನಮ್ಮಲ್ಲಿ ಎರಡು ಪಕ್ಷಗಳು ಬೂತು ಬೂತಿಗೆ ಕುಸ್ತಿ ಹಿಡಿದಿವೆ, ಆದರೂ ಟಿಕೆಟ್ ಹಂಚುವ ಹೊತ್ತಿಗೆ ಇಬ್ಬರೂ ‘ಆ ಸೀಮೆಯವರು ಯಾರಿದ್ದಾರೆ’ ಎಂದು ಹುಡುಕುತ್ತಾರೆ. ಕೀ ಬರೆದದ್ದು ಅವರ ಕಾಲಕ್ಕೆ, ಅವರ ನೆಲಕ್ಕೆ ಸರಿ.

ಮಹದಾಯಿ ನದಿನೀರಿನ ಮಾತಿಗೆ ಬರೋಣ. ಇದು ಬೆಂಗಳೂರಿನವರ ಆಕ್ಷೇಪವಲ್ಲ, ನಮ್ಮ ನಡುವಿನದೇ, ನರಗುಂದದ ರೈತರೇ ಎತ್ತುವುದು. ‘ನಮ್ಮವರನ್ನೇ ಆರಿಸಿ ಕಳಿಸಿದೆವಲ್ಲ, ನೀರು ಬಂತೇ?’ ಬರಲಿಲ್ಲ. 2015ರಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿಯ ತೀರ್ಪು, 2020ರ ಫೆಬ್ರುವರಿಯಲ್ಲಿ ಗೆಜೆಟ್. ಅದಾದ ಮೇಲೆ ಅರಣ್ಯ, ವನ್ಯಜೀವಿ, ಅನುಮತಿ ಎಂದು ಕಾಗದ ಓಡಾಡಿತು. ಕಳಸಾ–ಬಂಡೂರಿಯ ನೀರು ಮಲಪ್ರಭೆಗೆ ಓಡಲಿಲ್ಲ. ಈ ಭಾಗದ ಸಂಸದರೆಲ್ಲ ಕೇಂದ್ರ ಆಳುವ ಪಕ್ಷದವರೇ ಆಗಿದ್ದ ವರ್ಷಗಳಿವು. ಸ್ಥಳೀಯ ನಂಟು ನೀರು ತರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರು ಸೋತರು.

ಆದರೆ ಇನ್ನೊಂದು ನಡೆದದ್ದೂ ನೆನಪಿರಲಿ. 2017ರ ಡಿಸೆಂಬರಿನಲ್ಲಿ ನರಗುಂದ, ನವಲಗುಂದದ ರೈತರು, ಅವರಲ್ಲಿ ವಯಸ್ಸಾದ ಹೆಣ್ಣುಮಕ್ಕಳೂ ಇದ್ದರು, ಬೆಂಗಳೂರಿಗೆ ಹೋಗಿ ಮಲ್ಲೇಶ್ವರದ ಬಿಜೆಪಿ ಕಚೇರಿ ಎದುರು ಚಳಿಯಲ್ಲಿ ದಿನಗಟ್ಟಲೆ ಕೂತರು. ಅವರು ಹಿಡಿದದ್ದು ಮುಖ ಗುರುತಿದ್ದವರನ್ನು. ‘ನೀವು ನಮ್ಮೂರಿಗೆ ಬಂದಾಗ ಏನಂದಿದ್ರಿ?’ ಎಂದು ಕೇಳಲು ಬಂದಿದ್ದ ಊರೊಂದು ಬೇಕು. ಊರಿನ ಹಿರಿಯರೊಬ್ಬರು ಹೇಳುವ ಮಾತು: ‘ದಿಲ್ಲಿ ನಮಗ ತಿಳಿಯಂಗಿಲ್ಲಂತಲ್ರೀ. ದಿಲ್ಲಿಗಿ ಹ್ವಾದಾಂವ ತಿರುಗಿ ಜಾತ್ರಿಗೆ ಬರಬೇಕಾಗತೈತೋ ಇಲ್ಲೋ, ಅದನ್ನ ನೋಡ್ತೀವಿ.’ ಜಾತ್ರೆಗೆ ಬರಲೇಬೇಕಾದವನು ಸುಳ್ಳು ಹೇಳುವುದಿಲ್ಲ ಎಂದಲ್ಲ, ಹೇಳಿದ ಸುಳ್ಳನ್ನು ಅವನಿಗೆ ತೇರಿನ ಮುಂದೆ ಯಾರಾದರೂ ನೆನಪು ಮಾಡುತ್ತಾರೆ.

ಕೊನೆಯ ಆಕ್ಷೇಪ ಲೆಕ್ಕದವರದು. ‘ಹಾವೇರಿಯೊಂದಿಗೆ ನಿಮಗೆಲ್ಲಿಯ ನಂಟು? ಆ ಹೆಸರಿನ ಲೋಕಸಭಾ ಕ್ಷೇತ್ರ ಹುಟ್ಟಿದ್ದೇ 2008ರ ಮರುವಿಂಗಡಣೆಯಲ್ಲಿ. 1997ರವರೆಗೆ ನೀವು ಧಾರವಾಡ ಜಿಲ್ಲೆ. ಗೆರೆ ಎಳೆದವರು ಎಲ್ಲಿ ಹಾಕಿದರೆ ಅಲ್ಲಿ ನಿಮ್ಮ ‘ನಮ್ಮವರು’ ಹುಟ್ಟಿಕೊಳ್ಳುತ್ತಾರೆ.’

ಇದು ನಿಜ. ಜಕ್ಕಲಿಯಿಂದ ರಾಣೆಬೆನ್ನೂರಿಗೆ ಸಂತೆಯ ನಂಟಿಲ್ಲ, ಮದುವೆಯ ನಂಟು ಅಪರೂಪ. ಹಿರೇಕೆರೂರಿನ ಮುಸುಕಿನ ಜೋಳದ ರೈತನಿಗೂ ನಮ್ಮ ಹೆಸರಿನ ರೈತನಿಗೂ ಮಳೆ ಬೇರೆ, ಮಾರುಕಟ್ಟೆ ಬೇರೆ. ಮೂರು ಸಲ ಗೆದ್ದ ಸಂಸದರು ಹಾನಗಲ್ಲಿನವರು, ಈಗಿನವರು ಶಿಗ್ಗಾಂವಿ ಕಡೆಯವರು. ಗದಗ ಜಿಲ್ಲೆಯ ಮೂರು ಕ್ಷೇತ್ರಗಳು ಒಂದು ತುದಿಗೆ ಜೋತುಬಿದ್ದಿವೆ, ನಾಲ್ಕನೆಯ ನರಗುಂದ ಇನ್ನೊಂದು ಕ್ಷೇತ್ರದ ತುದಿಗೆ. ಒಂದು ಜಿಲ್ಲೆಯನ್ನು ಹೀಗೆ ಎರಡು ಬಾಲ ಮಾಡಿ ಹಂಚಿದ ಮೇಲೆ ಆ ಜಿಲ್ಲೆಯವನು ಗೆಲ್ಲುವುದು ಕಷ್ಟ, ಗೆಲ್ಲದಿದ್ದಾಗ ‘ನೋಡಿ, ನಂಟಿಗೆ ಬೆಲೆ ಇಲ್ಲ’ ಅನ್ನುವುದು ಸುಲಭ. ಗೆರೆ ತಪ್ಪಿದ್ದರೆ ಗೆರೆಯನ್ನು ತಿದ್ದಬೇಕು, ಮತದಾರನ ಮನಸ್ಸನ್ನಲ್ಲ. ಮುಂದಿನ ಮರುವಿಂಗಡಣೆಯ ಮಾತು ಈಗ ದಕ್ಷಿಣದ ರಾಜ್ಯಗಳಿಗೆ ಎಷ್ಟು ಸ್ಥಾನ ಎಂಬ ಒಂದೇ ಲೆಕ್ಕದ ಸುತ್ತ ತಿರುಗುತ್ತಿದೆ. ಆ ಲೆಕ್ಕ ದೊಡ್ಡದು, ಆಗಬೇಕಾದದ್ದೇ. ಅದರ ಜೊತೆಗೆ ರೋಣ, ನರಗುಂದ, ಗಜೇಂದ್ರಗಡದ ಜನ ಆಯೋಗದ ಸಾರ್ವಜನಿಕ ಸಭೆಗೆ ಹೋಗಿ ಇನ್ನೊಂದು ಅರ್ಜಿ ಕೊಡಬೇಕು: ನಮ್ಮ ಬಸ್ಸು ಯಾವ ಊರಿಗೆ ಓಡುತ್ತದೆ, ನಮ್ಮ ಉಳ್ಳಾಗಡ್ಡಿ ಯಾವ ಎಪಿಎಂಸಿಗೆ ಹೋಗುತ್ತದೆ, ನಮ್ಮ ಹೆಣ್ಣುಮಕ್ಕಳನ್ನು ಯಾವ ಸೀಮೆಗೆ ಕೊಟ್ಟಿದ್ದೇವೆ, ಇದನ್ನೂ ನಕ್ಷೆಯ ಪಕ್ಕದಲ್ಲಿಟ್ಟು ಗೆರೆ ಎಳೆಯಿರಿ ಎಂದು.